ಸಾಹೇಬರ ಬ್ರೇಕ್ ಪರೀಕ್ಷೆ

ಗೋಣಿಬೀಡಿನಲ್ಲಿ ಜೀಪು ರಿಪೇರಿ ಮಾಡುತ್ತಿದ್ದ ಸಾಹೇಬರೊಬ್ಬರಿದ್ದರು. ಯಾವ ಗಾಡಿ ಬಂದರೂ ಮೊದಲು ಅದನ್ನು ಮೂಸಿ ನೋಡಿ, ಆಮೇಲೆ "ಗಾಬರಿ ಬೇಡ ಮಾರಾಯ್ರೆ" ಎನ್ನುತ್ತಿದ್ದರು.

ನನ್ನ ಸೈಕಲ್ಲಿನ ಡಿಸ್ಕ್ ಬ್ರೇಕ್ ಒಮ್ಮೆ ಹಿಡಿದರೆ ಬಿಡುತ್ತಲೇ ಇರಲಿಲ್ಲ. ಸಡಿಲವಾಗಲಿ ಎಂದು ನಾನೇ ಕೊಬ್ಬರಿ ಎಣ್ಣೆ ಬಿಟ್ಟೆ. ಆಮೇಲೆ ಅದು ಹಿಡಿಯುವುದನ್ನೇ ಬಿಟ್ಟಿತು. ಇಳಿಜಾರಿನಲ್ಲಿ ಕಾಫಿ ಗಿಡಗಳಿಗೆ ನುಗ್ಗಿ ಬಿದ್ದು ಎದ್ದವನು ಸೈಕಲ್ ತಳ್ಳಿಕೊಂಡು ಅವರ ಬಳಿ ಹೋದೆ.

ಸಾಹೇಬರು ಬ್ರೇಕ್ ಮೂಸಿದರು. "ಗಾಬರಿ ಬೇಡ ಮಾರಾಯ್ರೆ. ಇದ್ರಲ್ಲಿ ಮೀನು ಹುರಿಯೋಕೆ ಹೊರಟಿದ್ರಾ?"

ಎಣ್ಣೆ ಕುಡಿದ ಬ್ರೇಕ್ ಪ್ಯಾಡುಗಳನ್ನು ಎಸೆದು, ಡಿಸ್ಕಿಗೆ ಮೆತ್ತಿದ್ದ ಎಣ್ಣೆಯನ್ನೂ ತೊಳೆದರು. ಪ್ಯಾಡನ್ನು ಒತ್ತುವ, ಕೆಸರು ಕಟ್ಟಿ ಅಂಟಿಕೊಂಡಿದ್ದ ಪಿಸ್ಟನ್ನುಗಳನ್ನು ಒರೆಸಿ ಸಡಿಲ ಮಾಡಿ, ಚಿಕ್ಕಮಗಳೂರಿನಿಂದ ತರಿಸಿದ ಹೊಸ ಪ್ಯಾಡು ಕೂರಿಸಿದರು. ಆದರೂ ಇಳಿಜಾರು ಇಳಿಯಲು ನನಗೆ ಧೈರ್ಯ ಬರಲಿಲ್ಲ.

"ನಾನು ಕೆಳಗೆ ರಸ್ತೆ ಮಧ್ಯ ನಿಂತ್ಕೋತೀನಿ, ನೀವು ಸೀದಾ ನನ್ ಕಡೆ ಬನ್ನಿ. ನನ್ ಕೆಲಸದ ಮೇಲೆ ನಂಗೆ ನಂಬಿಕೆ ಉಂಟು," ಎಂದವರೇ ನಡೆದುಬಿಟ್ಟರು.

ಜೀವ ಕೈಯಲ್ಲಿ ಹಿಡಿದುಕೊಂಡು ಇಳಿದೆ. ಬ್ರೇಕ್ ಒತ್ತಿದೆ. ಅವರ ಲುಂಗಿಯಿಂದ ಒಂದು ಗೇಣು ದೂರದಲ್ಲಿ ಸೈಕಲ್ ನಿಂತಿತು. ಆಗ ಅವರ ಮುಖ ನೋಡಿದೆ. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಒಂದನ್ನು ಮಾತ್ರ ನಿಧಾನವಾಗಿ ತೆರೆದು, "ನಿಂತ್ರಾ?" ಎಂದು ಕೇಳಿದರು.