ತಾಮುವಿನ ಕಬ್ಬಿಣದ ಬಿಲ್ಲೆಗಳು

“ಬಿಲ್ಲೆನ ಬರಿಗೈಯಲ್ಲಿ ಮುಟ್ಟಬಾರದು. ಮೊದಲು ಒರಟು ಉಪ್ಪುಕಾಗದ, ಆಮೇಲೆ ನಯದ್ದು, ಆಮೇಲೆ ಇನ್ನೂ ನಯದ್ದು. ನನ್ನ ರೆಪ್ಪೆಗೂದಲು ಅದರಲ್ಲಿ ಕಾಣೋವರೆಗೂ ಉಜ್ಜೋದು. ತೊಳೆದು, ಒಣಗಿಸಿ, ಚಿಮಟದಲ್ಲಿ ಹಿಡಿದು ತೂಗೋದು. ದಾರಕ್ಕೆ ಕಟ್ಟಿ ಆಸಿಡ್‌ನಲ್ಲಿ ಆರು ಗಂಟೆ ಇಳಿಬಿಡೋದು. ಒಂದು ಲೋಟದಲ್ಲಿ ಬರೀ ಆಸಿಡ್ಡು, ಇನ್ನೊಂದರಲ್ಲಿ ಝಾತರ್ ಸೊಪ್ಪಿನ ರಸ ಬೆರೆಸಿದ್ದು. ತೆಗೆದು ಮತ್ತೆ ತೂಗಿದ್ರೆ, ಆಸಿಡ್ಡು ಎಷ್ಟು ತಿಂದಿದೆ, ಸೊಪ್ಪು ಎಷ್ಟು ಕಾಪಾಡಿದೆ ಅಂತ ಕಬ್ಬಿಣವೇ ಹೇಳತ್ತೆ. ನಾನು ಓದಿದವಳಲ್ಲ. ಆದ್ರೆ ಇಪ್ಪತ್ತಾರು ವರ್ಷದಲ್ಲಿ ಕಬ್ಬಿಣ ನನ್ನ ಹತ್ರ ಒಂದು ಸಲಾನೂ ಸುಳ್ಳು ಹೇಳಿಲ್ಲ.”

ಹೊಸದಾಗಿ ಸೇರಿದ ಹುಡುಗಿಯರಿಗೆ ಲಾಲ್ಲಾ ತಾಮು ಪ್ರತಿ ವರ್ಷ ಹೇಳುತ್ತಿದ್ದದ್ದು ಇಷ್ಟು. ಹೆಂಗಸರ ಹೆಸರಿಗೆ ಲಾಲ್ಲಾ, ಗಂಡಸರ ಹೆಸರಿಗೆ ಸೀ ಸೇರಿಸಿ ಕರೆಯುವುದು ಅಲ್ಲಿನ ವಾಡಿಕೆ. ಮೊರಾಕೊದ ಕಡಲ ಕಡೆಯ ಆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಬಿಲ್ಲೆ ಉಜ್ಜುವುದು, ತೂಗುವುದು, ತೂಕದ ಪುಸ್ತಕದಲ್ಲಿ ಬರೆದು ಸಹಿ ಹಾಕುವುದು ಅವಳ ಕೆಲಸ. ಅವಳ ಸಹಿ ಬಿದ್ದ ಮೇಲೆ ಯಾರೂ ಮತ್ತೆ ತೂಗಿ ನೋಡುತ್ತಿರಲಿಲ್ಲ. ಅವಳಿಗೆಂದು ಇದ್ದ ಮರ್ಯಾದೆ ಅದೊಂದೇ.

ರಂಜಾನ್ ಕಳೆದ ಮೇಲೆ ಪ್ರೊಫೆಸರ್ ಸೀ ಬೂಶ್ತಾ ಆ ಪುಸ್ತಕ ನೋಡಿ ಮುಖ ಸಿಂಡರಿಸಿದ. ಝಾತರ್ ಕಬ್ಬಿಣವನ್ನು ನೂರಕ್ಕೆ ಎಪ್ಪತ್ತೊಂದು ಪಾಲು ಕಾಪಾಡಿತ್ತು. ಅವನಿಗೆ ತೊಂಬತ್ತಾರು ಬೇಕಿತ್ತು. ಕಂಪ್ಯೂಟರಿನ ಲೆಕ್ಕಕ್ಕೆ ಹೊಂದುವುದು ಅದೇ ಅಂತೆ. ಬಿಲ್ಲೆಗೆ ಅವಳ ಕೈಯ ಜಿಡ್ಡು ತಾಗಿರಬೇಕೆಂದ. ಹುಡುಗಿಯರೆದುರೇ ಸ್ಪಿರಿಟ್ಟಿನಲ್ಲಿ ಕೈ ತೊಳೆಸಿದ. ತಾಮು ಮೂರು ಸಲ ಹೊಸ ಬಿಲ್ಲೆ ಉಜ್ಜಿ ಇಳಿಬಿಟ್ಟಳು. ಎಪ್ಪತ್ತು, ಎಪ್ಪತ್ತೆರಡು, ಮತ್ತೆ ಎಪ್ಪತ್ತೊಂದು.

“ಲಾಲ್ಲಾ ತಾಮು, ಎಣ್ಣೆ ರೊಟ್ಟಿ ತಿಂದ ಕೈನ ನೆಕ್ಕಿಕೊಂಡು ಬರ್ತೀರೇನು?” ಎಂದ ಸೀ ಬೂಶ್ತಾ. ಹುಡುಗಿಯರು ನಕ್ಕರು.

ಆ ಕಂಪ್ಯೂಟರ್ ಲೆಕ್ಕ ಮಾಡುವವಳು ಇಬ್ತಿಸಾಮ್, ಡಾಕ್ಟರೇಟಿಗೆ ಓದುತ್ತಿದ್ದ ಹುಡುಗಿ. ತೋರಿಸು ನೋಡೋಣ ಎಂದು ತಾಮು ಅವಳ ಪಕ್ಕ ಕೂತಳು. ಪರದೆಯ ಮೇಲೆ ಸಾಲುಸಾಲು ಕಬ್ಬಿಣದ ಗುಂಡುಗಳು. ಅವುಗಳ ಮೇಲೆ ಝಾತರ್‌ನ ಒಂದೇ ಒಂದು ಅಣು, ಊಟ ಮುಗಿಸಿದ ಗಂಡಸು ದಿವಾನದ ಮೇಲೆ ಬಿದ್ದುಕೊಂಡ ಹಾಗೆ, ಅಂಗಾತ ಮಲಗಿತ್ತು.

“ಆಸಿಡ್ ಎಲ್ಲಿ, ಮಗಳೇ?”

“ಹಾಕಿಲ್ಲ, ಚಿಕ್ಕಮ್ಮ. ನೀರೂ ಹಾಕಿಲ್ಲ. ಹಾಕಿದ್ರೆ ಲೆಕ್ಕ ಮುಗಿಯೋಕೆ ತಿಂಗಳುಗಟ್ಟಲೆ ಹಿಡಿಯತ್ತೆ.”

“ಹಂಗಾದ್ರೆ ಒಣಕಬ್ಬಿಣನ ಯಾರಿಂದ ಕಾಪಾಡ್ತಿದೆ ಇದು?”

ಇಬ್ತಿಸಾಮ್ ತಲೆ ತಗ್ಗಿಸಿದಳು. ಅಣು ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂದಷ್ಟೇ ಈ ಲೆಕ್ಕ ಹೇಳುವುದು, ನೂರಕ್ಕೆ ಎಷ್ಟೆಂದು ಅದು ಹೇಳುವುದೇ ಇಲ್ಲ ಎಂದು ಮೆಲ್ಲಗೆ ಬಾಯಿಬಿಟ್ಟಳು. ಮೊದಲ ಬಿಲ್ಲೆ ಆಸಿಡ್ಡಿಗೆ ಇಳಿಯುವ ಮುಂಚೆಯೇ ಸೀ ಬೂಶ್ತಾ ತನ್ನ ಪ್ರಬಂಧದಲ್ಲಿ ತೊಂಬತ್ತಾರನ್ನು ಬರೆದಿಟ್ಟಿದ್ದನಂತೆ. ತಾಮು ಸ್ಪಿರಿಟ್ಟಿಗೆ ಬಿರಿದ ತನ್ನ ಬೆರಳುಗಳನ್ನು ನೋಡಿಕೊಂಡಳು.

ಮರುದಿನ ಅವನು ತೊಂಬತ್ತಾರಕ್ಕೆ ಸರಿಹೊಂದುವ ತೂಕಗಳನ್ನು ತಾನೇ ಬರೆದು, ಸಹಿಗೆಂದು ಪುಸ್ತಕವನ್ನು ಅವಳ ಮುಂದೆ ತಳ್ಳಿದ.

“ಇದು ನಾನು ತೂಗಿದ್ದಲ್ಲ, ಸೀ.”

ಸಹಿ ಹಾಕದಿದ್ದರೆ ತೂಕದ ಕೋಣೆಯನ್ನು ಮರೆತುಬಿಡಬಹುದು ಎಂದ. ಕೊಳೆತ ಬೂತಾಯಿ ಮೀನನ್ನು ಸರಿಸುವ ಹಾಗೆ ಅವಳು ಪುಸ್ತಕವನ್ನು ಎರಡೇ ಬೆರಳಲ್ಲಿ ಹಿಂದಕ್ಕೆ ಸರಿಸಿದಳು.

ಈಗ ಬಿಲ್ಲೆ ಉಜ್ಜುವವರು ಬೇರೆ. ತಾಮುವಿನ ಪಾಲಿಗೆ ನೆಲ ಒರೆಸುವ ಕೆಲಸ. ಬೆಳಿಗ್ಗೆ ಬಕೆಟ್ಟಿಗೆ ಫಿನಾಯಿಲ್ ಸುರಿದುಕೊಂಡು ಕಂಪ್ಯೂಟರ್ ಕೋಣೆಗೆ ಹೋದಳು. ಕಾಲೆತ್ತಿ, ಸೀ, ಎಂದಳು. ಸೀ ಬೂಶ್ತಾ ಪರದೆಯಿಂದ ಕಣ್ಣು ತೆಗೆಯದೆ ಕಾಲೆತ್ತಿದ. ಅವಳು ಕುರ್ಚಿಯಡಿ ಒರೆಸಿ, ಬಟ್ಟೆ ಹಿಂಡಿ, ಅವನು ಕಾಲಿಳಿಸುವ ಮುಂಚೆಯೇ ಅದೇ ಜಾಗವನ್ನು ಇನ್ನೊಮ್ಮೆ ಒರೆಸಿದಳು.