ಕರು ಹಿಡಿಯುವ ಬೆಳಕು

“ಸರ್, ಬಿಸಲಾಗ ನಿಂತ್ರ ಮೈ ಸುಡತೈತಿ. ನೀವು ಬೆಳಕಿನಿಂದ ತಂಪ್ ಮಾಡತೇನಿ ಅಂದ್ರ ಹ್ಯಾಂಗ್ ನಂಬೂದ್ರಿ?”

ನಾನು ಎದ್ದು ಹೀಗೆಂದಾಗ ಬೈಲಹೊಂಗಲದ ನಮ್ಮ ಕಾಲೇಜಿನ ಸಭಾಂಗಣ ಚಪ್ಪಾಳೆ ತಟ್ಟಿತು. ಚರ್ಚಾಸ್ಪರ್ಧೆಗಳಲ್ಲಿ ಸೋತು ಗೊತ್ತಿರದ ನನಗೆ ಆ ದಿನ ಉಪನ್ಯಾಸ ಕೊಡಲು ಬಂದಿದ್ದ ವಿಜ್ಞಾನಿಯನ್ನೂ ಸೋಲಿಸಬೇಕಿತ್ತು. ನಮ್ಮ ತಾಲೂಕಿನ ದೊಡವಾಡದಲ್ಲೇ ಹುಟ್ಟಿದ ಅವರು ಲೇಸರ್ ಬೆಳಕಿನಿಂದ ಪರಮಾಣುಗಳನ್ನು ತಣಿಸಿ, ಅವುಗಳಿಂದ ಅತಿ ನಿಖರವಾದ ಗಡಿಯಾರ ಮಾಡುವವರು.

ಅವರು ನಕ್ಕರು. “ತಮ್ಮಾ, ಕರಾ ಹಗ್ಗ ಹರಕೊಂಡು ಓಡಿದ್ರ ನಿಮ್ಮನ್ಯಾಗ ಹ್ಯಾಂಗ್ ಹಿಡೀತೀರಿ?”

“ಸುತ್ತೂ ಕಡೆ ನಿಂದ್ರತೇವ್ರಿ. ಯಾವ ಕಡೆ ನುಗ್ಗತೈತಿ, ಆ ಕಡೆಯವ್ರು ಹಿಂದಕ್ಕ ನೂಕತಾರ. ದಣದು ತಾನ ನಿಂದರತೈತಿ.”

“ನಮ್ಮ ಲೇಸರೂ ಅಷ್ಟ ಮಾಡತೈತಿ. ಪರಮಾಣುವಿನ ಓಟ ಕಮ್ಮಿ ಆದ್ರ ಅದಕ್ಕ ತಂಪು ಅಂತೇವಿ. ಉತ್ತರ ನೀನ ಹೇಳಿಬಿಟ್ಟಿ, ಕುಂದ್ರು!”

ಈ ಸಲದ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು, ಆದರೆ ನನ್ನದಾಗಿರಲಿಲ್ಲ. ಬಿಡದೆ ವಾರವಿಡೀ ಗ್ರಂಥಾಲಯದಲ್ಲಿ ಕುಳಿತು ಅವರ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ವರ್ಷಗಳು ಕಳೆದವು. ಗೆದ್ದ ಪಾರಿತೋಷಕಗಳಿಗೆ ಧೂಳು ಹಿಡಿದಿದೆ, ಯಾವುದನ್ನು ಯಾವ ವಿಷಯಕ್ಕೆ ಗೆದ್ದೆನೆಂಬುದೂ ಮರೆತಿದೆ. ಹಿತ್ತಲಲ್ಲಿ ಕರು ಬಿಚ್ಚಿಕೊಂಡು ಓಡಿ, ಅವ್ವನ ಎದುರು ನಾನೊಂದು ಕಡೆ ಕೈ ಚಾಚಿ ನಿಂತಾಗ ಮಾತ್ರ, ಸೋತ ಆ ಮಧ್ಯಾಹ್ನ ನೆನಪಾಗಿ ಖುಷಿಯಾಗುತ್ತದೆ.