ಸೀಟಕ್ಕ ನೋಡಿದ ಏಳು ಕಾರುಗಳು

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಸೀಟಕ್ಕ ಎಂದೇ ಕರೆಯುತ್ತಿದ್ದರು. ಒಂದು ಕಡೆ ಟೈರಿನವನು, ಇನ್ನೊಂದು ಕಡೆ ಬ್ಯಾಟರಿಯವನು, ನಡುವೆ ತಗಡಿನ ಮಾಡಿನ ಕೆಳಗೆ ಎರಡು ಹೊಲಿಗೆ ಮೆಷಿನ್ನು ಹಾಕಿಕೊಂಡು ಕಾರಿನ ಸೀಟು ಹೊಲಿಯುವ ಸೀಟಕ್ಕ. ದಬ್ಬಣ ಹಿಡಿಯಲು ಕಲಿಸಿದ್ದು ಹಾಸಿಗೆ ಹೊಲಿಯುತ್ತಿದ್ದ ಅಪ್ಪ. ಜನ ಅಂಗಡಿಯಿಂದ ಸಿದ್ಧ ಹಾಸಿಗೆ ಹೊತ್ತು ತರಲು ಶುರುಮಾಡಿದಾಗ ಅಪ್ಪ ತಲೆಯ ಮೇಲೆ ಕೈಹೊತ್ತು ಕೂತ. ಇವಳು ಮಾತ್ರ, "ಮಲಗೋರು ಕೈಬಿಟ್ರೆ ಹೋಗ್ಲಿ ಬಿಡಪ್ಪ, ಕೂರೋರನ್ನ ಹಿಡಿಯೋಣ" ಎಂದು ಕಾರಿನ ಸೀಟಿಗೆ ಇಳಿದಳು. ಅದಾಗಿ ಇಪ್ಪತ್ತಾರು ವರ್ಷ.

ಕಾರಿನ ಹೊರಮೈಯನ್ನು ಅವಳು ಕಣ್ಣೆತ್ತಿ ನೋಡುತ್ತಿದ್ದುದೇ ಕಡಿಮೆ. ಸೀಟು ಬಿಚ್ಚಿದರೆ ಸಾಕು, ಓಡಿಸುವವನ ಮನೆಯ ಗುಟ್ಟೂ ರಟ್ಟಾಗುತ್ತಿತ್ತು. ಸೀಟು ಒಂದೇ ಮಗ್ಗುಲಿಗೆ ಕುಸಿದಿದ್ದರೆ ಅವನು ಕಿಟಕಿಗೆ ಮೊಣಕೈ ಊರಿ ಒಂದೇ ಕೈಯಲ್ಲಿ ಓಡಿಸುವ ಉಡಾಫೆಯವನು. ಹಿಂದಿನ ಸಂದಿಯಲ್ಲಿ ಬಿಸ್ಕತ್ತಿನ ಪುಡಿ ಇದ್ದರೆ ಚಿಕ್ಕ ಮಕ್ಕಳ ಸಂಸಾರ. ಸಿಗರೇಟಿನ ಬೂದಿಯ ಜೊತೆ ಪೆಪ್ಪರ್‌ಮಿಂಟಿನ ಕಾಗದವೂ ಸಿಕ್ಕರೆ ಹೆಂಡತಿಗೆ ಗೊತ್ತಾಗದಂತೆ ಸೇದುವ ಆಸಾಮಿ. ಇಷ್ಟೆಲ್ಲ ತಿಳಿದವಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಲಿಯುವ ಆಸೆಯೂ ಇರಲಿಲ್ಲ.

ಗಂಡ ಸರಕಿನ ಹಡಗಿನಲ್ಲಿ ಅಡುಗೆಯವನು. ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲೆ. ಇರುವವಳು ಒಬ್ಬಳೇ ಮಗಳು, ಹತ್ತೊಂಬತ್ತಕ್ಕೆ ಮೂರು ತಿಂಗಳು ಕಡಿಮೆ. ಅಪ್ಪನಂತೆ ಅವಳಿಗೂ ನೀರಿನ ಗೀಳು. ಊರಿನ ಆ ತುದಿಯ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಕೆಲಸ ಸಿಕ್ಕಿತ್ತು. ಬೆಳಗ್ಗೆ ಐದೂವರೆಗೆ ಕೊಳದ ಬೀಗ ತೆಗೆಯಬೇಕು, ಎಂಟೂವರೆಗೆ ಕಾಲೇಜಿಗೆ ಓಡಬೇಕು. ಮೊದಲ ಬಸ್ಸು ಹೊರಡುವುದೇ ಆರಕ್ಕೆ.

"ಒಂದು ಹಳೇ ಕಾರು ನೋಡಿ ಬಿಡು" ಎಂದು ಹಡಗಿನಿಂದ ಗಂಡ ಫೋನಿನಲ್ಲಿ ಹೇಳಿದ. "ಅಣ್ಣ ಎಂಜಿನ್ ನೋಡ್ತಾರೆ, ನೀನು ಸೀಟು ನೋಡು. ನಿಮ್ಮಿಬ್ಬರ ಕಣ್ಣು ತಪ್ಪಿಸೋ ಕಾರು ಇನ್ನೂ ಹುಟ್ಟಿಲ್ಲ."

ಅಣ್ಣನೆಂದರೆ ಅವಳ ಒಡಹುಟ್ಟಿದ ಅಣ್ಣ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ತಂಗಿಯ ಮಗಳಿಗೆ ಕಾರು ಕಲಿಸಿದ್ದೂ ಅವನೇ. ವಾರದೊಳಗೆ ಒಂದು ಬಿಳಿ ಕಾರು ಹುಡುಕಿಕೊಂಡು ಬಂದ. ಮಗಳೂ ಸೇರಿ ಮೂವರೂ ಹೋಗಿ ನೋಡಿದರು. ಅಣ್ಣ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ವೈದ್ಯರು ನಾಡಿ ಹಿಡಿದಂತೆ ನಿಂತ.

"ಗಡಿಯಾರ ಇದ್ದ ಹಾಗಿದೆ ಕಣೇ! ಕಣ್ಣು ಮುಚ್ಕೊಂಡು ತಗೋಬಹುದು."

ಸೀಟಕ್ಕ ಕಣ್ಣು ಮುಚ್ಚಲಿಲ್ಲ. ಹಿಂದಿನ ಬಾಗಿಲು ತೆಗೆದು ಕೂತಳು. ಹೊಚ್ಚ ಹೊಸ ಸೀಟ್ ಕವರ್.

"ಮಾರೋ ಕಾರಿಗೆ ಹೊಸ ಬಟ್ಟೆ ಯಾಕೆ ಉಡಿಸಿದ್ರಿ?" ಎಂದು ಕಾರು ತೋರಿಸುತ್ತಿದ್ದ ದಲ್ಲಾಳಿಯನ್ನು ಕೇಳಿದಳು.

"ನಿಮ್ಮಂಥ ದೊಡ್ಡ ಮನುಷ್ಯರು ಬರ್ತಾರಲ್ಲಮ್ಮ, ಚೆಂದ ಕಾಣ್ಲಿ ಅಂತ."

ಅವಳು ಸೀಟಿನ ಅಡಿಗೆ ಕೈ ತೂರಿಸಿ ಸ್ಪ್ರಿಂಗನ್ನು ಸವರಿದಳು. ಬೆರಳಿಗೆ ನುಣ್ಣನೆಯ ಮಣ್ಣು ಹತ್ತಿತು. ಸೀಟ್ ಬೆಲ್ಟನ್ನು ಹಿಡಿದು ಎಳೆದಳು, ಎಳೆದಳು, ಕೊನೆಯ ಗೇಣು ಹೊರಬರುವವರೆಗೂ ಎಳೆದಳು. ಆ ಕೊನೆಯ ಗೇಣು ಚಹಾದ ಬಣ್ಣಕ್ಕೆ ತಿರುಗಿತ್ತು.

"ಎಲ್ಲಿಯ ನೆರೆ ಇದು?" ಎಂದಳು ಮೆತ್ತಗೆ.

ದಲ್ಲಾಳಿ ಆಕಾಶ ನೋಡಿದ. ಮಗಳು ಬಗ್ಗಿ ಬೆಲ್ಟಿನ ಕಲೆ ನೋಡಿ, "ಮಾವ, ಇದು ನನಗಿಂತ ಮುಂಚೆ ಈಜು ಕಲಿತಿದೆ!" ಎಂದು ನಕ್ಕಳು. ಅಣ್ಣ ಮಾತ್ರ ನಗಲಿಲ್ಲ. ದಾರಿಯುದ್ದಕ್ಕೂ, "ಬೆಳ್ಳಗಿರೋದೆಲ್ಲ ಹಾಲಲ್ಲ, ನನಗೇ ಬುದ್ಧಿ ಇಲ್ಲ" ಎಂದು ಗೊಣಗುತ್ತಲೇ ಬಂದ.

ಎರಡನೆಯ ಕಾರಿನಲ್ಲಿ ಬೆಲ್ಟಿನ ಕೊಂಡಿಯೇ ಸರಿಯಾಗಿ ಕಚ್ಚುತ್ತಿರಲಿಲ್ಲ. ಅದನ್ನು ಬಿಟ್ಟದ್ದೂ ಸರಿಯೇ. ಮೂರನೆಯದರಿಂದ ಮಾತ್ರ ಹಳಿ ತಪ್ಪಿತು. ಅದರ ಹಾರ್ನಿನ ಸದ್ದು ತೆಳುವಾಯಿತು ಎಂದಳು ಸೀಟಕ್ಕ. ನಾಲ್ಕನೆಯದು ಬೂದು ಬಣ್ಣ, ಮಂಜಿನಲ್ಲಿ ಎದುರಿನವರಿಗೆ ಕಾಣುವುದಿಲ್ಲ ಎಂದಳು. ಐದನೆಯದು ಕೆಂಪು, ಅದು ಎಲ್ಲರ ಕಣ್ಣಿಗೂ ಬೀಳುತ್ತದೆ ಎಂದಳು. ಆರನೆಯ ಕಾರಿನಲ್ಲಿ ಒಂದು ಗಂಟೆ ಜಾಲಾಡಿದರೂ ಹುಳುಕು ಸಿಗಲಿಲ್ಲ. ಕೊನೆಗೆ, "ಡಿಕ್ಕಿ ಮುಚ್ಚುವಾಗ ಯಾಕೋ ಸದ್ದು ಬರುತ್ತೆ" ಎಂದಳು.

"ಮುಚ್ಚಿದ್ರೆ ಸದ್ದು ಬರದೆ ಸಂಗೀತ ಬರುತ್ತಾ?" ಎಂದ ಅಣ್ಣ.

ಮಗಳು ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣದ ಕಡೆ ನಡೆದಳು. ಅವಳು ಜಗಳವಾಡಿದ್ದರೆ ಸೀಟಕ್ಕನಿಗೆ ಎಷ್ಟೋ ವಾಸಿ ಇರುತ್ತಿತ್ತು. ಈಜುಕೊಳದವರು ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತೇವೆಂದು ಹೇಳಿದ್ದು ತಾಯಿಗೂ ಗೊತ್ತಿತ್ತು. ಅಲ್ಲಿಯತನಕ ಬೇರೆ ಯಾರೋ ಬೀಗ ತೆಗೆಯುತ್ತಿದ್ದರು.

ಮರುದಿನ ಮಧ್ಯಾಹ್ನ ಅಣ್ಣ ಅಂಗಡಿಗೆ ಬಂದ. ರೆಕ್ಸಿನ್ನಿನ ಸುರುಳಿಯನ್ನು ಪಕ್ಕಕ್ಕೆ ಸರಿಸಿ ಸ್ಟೂಲಿನ ಮೇಲೆ ಕೂತ. ಸೀಟಕ್ಕ ತಲೆಯೆತ್ತದೆ ಹೊಲಿಯುತ್ತಿದ್ದಳು.

"ಮೆಷಿನ್ ನಿಲ್ಸು ತಾಯಿ."

ನಿಲ್ಲಿಸಿದಳು.

"ಮೊಸರಲ್ಲಿ ಕಲ್ಲು ಹುಡುಕೋರನ್ನ ನೋಡಿದ್ದೀನಿ. ನೀನು ಕಲ್ಲನ್ನ ಮಡಿಲಲ್ಲಿ ಕಟ್ಕೊಂಡೇ ಹೋಗ್ತೀಯಲ್ಲೇ! ಏನು ವಿಷಯ?"

ಅವಳು ಕತ್ತರಿಯನ್ನು ಮುಚ್ಚಿ ತೆರೆದು ಮಾಡಿದಳು. ಆಮೇಲೆ, ಹದಿಮೂರು ವರ್ಷದಿಂದ ಯಾರಿಗೂ, ಗಂಡನಿಗೂ ಹೇಳದಿದ್ದುದನ್ನು ಹೇಳಿದಳು. ಒಂದು ಸಣ್ಣ ಕಾರು ಬಂದಿತ್ತು. ತಗಡಿನವನು ಬಡಿದು ನೇರ ಮಾಡಿದ್ದ, ಪೇಂಟಿನವನು ಬಣ್ಣ ಬಳಿದಿದ್ದ, ಇವಳದು ಕೊನೆಯ ಕೆಲಸ. ಮುಂದಿನ ಸೀಟಿನ ಹಳೆಯ ಬಟ್ಟೆ ಬಿಚ್ಚಿದರೆ ಫೋಮಿನ ತುಂಬ ಗಾಜಿನ ಚೂರು, ಸಕ್ಕರೆ ಚೆಲ್ಲಿದಂತೆ. ಅದರ ನಡುವೆ ಹೆಣ್ಣುಮಕ್ಕಳ ತಲೆಯ ಒಂದು ಕ್ಲಿಪ್ಪು. ಆ ಹುಡುಗಿಗೆ ಏನಾಯಿತೆಂದು ಕೇಳಲು ಬಾಯಿ ಬರಲಿಲ್ಲ. ಫೋಮು ಬದಲಿಸಿ ಹೊಲಿದುಕೊಟ್ಟಳು. ಮನೆಗೆ ಹೋದರೆ ಐದೂ ಮುಕ್ಕಾಲು ವರ್ಷದ ಮಗಳು ಅಂಥದೇ ಕ್ಲಿಪ್ಪು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಕೇಳಬೇಕಿತ್ತು ಅಣ್ಣ. ಏನೂ ಆಗಿಲ್ಲ ಅಂದ್ರೂ ಅನ್ನಬಹುದಿತ್ತು. ಕೇಳದೆ ಇದ್ದದ್ದಕ್ಕೇ ಅದು ಇವತ್ತಿಗೂ ನನ್ನ ಕಣ್ಣಲ್ಲೇ ಕೂತಿದೆ."

ಅಣ್ಣ ಮೀಸೆ ತಿರುವಿದ. ಸಮಾಧಾನದ ಮಾತು ಅವನಿಗೆ ಬರುತ್ತಿರಲಿಲ್ಲ. "ಅವಳು ಓಡಿಸೋದನ್ನ ನೀನು ಒಂದು ಸಲನಾದ್ರೂ ನೋಡಿದ್ದೀಯಾ?" ಎಂದ.

ಇಲ್ಲ ಎಂದು ಅವಳು ತಲೆಯಾಡಿಸಿದಳು. ಆರು ತಿಂಗಳ ಪಾಠದಲ್ಲಿ ಒಂದು ದಿನವೂ ಪಕ್ಕದಲ್ಲಿ ಕೂತಿರಲಿಲ್ಲ. ಲೈಸೆನ್ಸು ಬಂದ ದಿನವೂ ಕೆಲಸದ ನೆವ ಹೇಳಿದ್ದಳು.

"ಇನ್ನೊಂದು ಕಾರು ಹೇಳಿದ್ದಾರೆ. ಭಾನುವಾರ ಹೋಗೋಣ. ನೀನು ಸೀಟು ನೋಡೋದಲ್ಲ, ಸೀಟಲ್ಲಿ ಕೂರೋದು. ಆಯ್ತಾ?"

ಏಳನೆಯ ಕಾರು ನಿವೃತ್ತ ನರ್ಸಮ್ಮನೊಬ್ಬಳದು. ಸಾಸಿವೆ ಬಣ್ಣದ ಪುಟ್ಟ ಕಾರು, ನೋಡಲು ರೂಪವೂ ಇಲ್ಲ, ರೇಖೆಯೂ ಇಲ್ಲ. ಮಗಳ ಮುಖ ಒಂದು ಗಳಿಗೆ ಸಪ್ಪಗಾಯಿತು. ನರ್ಸಮ್ಮ ದಪ್ಪ ಕನ್ನಡಕದ ಹಿಂದಿನಿಂದ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು.

"ಕಣ್ಣು ಮಂಜಾಯ್ತು, ಅದಕ್ಕೆ ಕೊಡ್ತಾ ಇದ್ದೀನಿ. ಇಲ್ಲಾಂದ್ರೆ ಕೊಡೋಳಲ್ಲ. ಓಡಿಸೋರು ಯಾರು?"

"ನಾನು" ಎಂದಳು ಮಗಳು.

"ಎಷ್ಟು ವಯಸ್ಸು?"

"ಹತ್ತೊಂಬತ್ತು ಆಗ್ತಾ ಬಂತು, ಆಂಟಿ."

"ಆಗ್ತಾ ಬಂತು ಅಂದ್ರೆ ಹದಿನೆಂಟು." ಅವಳು ಬೀಗದ ಕೈ ಮುಷ್ಟಿಯಲ್ಲೇ ಇಟ್ಟುಕೊಂಡಳು. "ಇಲ್ಲಿತನಕ ಹನ್ನೊಂದು ಜನ ಬಂದ್ರು. ಎಲ್ಲರೂ ಕಾರು ನೋಡಿದ್ರು. ನನಗೆ ಓಡಿಸೋರನ್ನ ನೋಡ್ಬೇಕು. ಮಾರ್ಕೆಟ್ಟಿನ ತನಕ ಹೋಗಿ ಬರೋಣ. ನಾನು ಹಿಂದೆ ಕೂರ್ತೀನಿ. ನಿಮ್ಮಮ್ಮ ಮುಂದೆ ಕೂರಲಿ."

ಅಣ್ಣ, "ನಾನು ಇಲ್ಲೇ ನೆರಳಲ್ಲಿ ಇರ್ತೀನಿ" ಎಂದು ಉಪಾಯವಾಗಿ ಜಾರಿಕೊಂಡ.

ಸೀಟಕ್ಕ ಕೂತಳು. ಕೈ ಅಭ್ಯಾಸಬಲದಿಂದ ಸೀಟಿನ ಅಡಿಗೆ ಹೋಯಿತು. ಸ್ಪ್ರಿಂಗು ಒಣಗಿತ್ತು, ಸ್ವಚ್ಛವಾಗಿತ್ತು. ಬೆಲ್ಟು ಕೊನೆಯ ಗೇಣಿನವರೆಗೂ ಒಂದೇ ಬಣ್ಣ. ಕೊಂಡಿ ಟಕ್ ಎಂದು ಕಚ್ಚಿತು. ಹೊಲಿಗೆಯೆಲ್ಲ ಕಾರ್ಖಾನೆಯದೇ, ಯಾರೂ ಬಿಚ್ಚಿದ್ದಲ್ಲ. ಓಡಿಸುವ ಸೀಟು ಮಾತ್ರ ಸವೆದಿತ್ತು, ಅದೂ ನಡುಮಧ್ಯೆ, ನೆಟ್ಟಗೆ ಕೂರುವವರ ಸವೆತ. ತೆಗಳಲು ಏನೂ ಉಳಿಯದೆ ಅವಳು ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮಗಳು ಮೊದಲು ಸೀಟು ಸರಿಮಾಡಿಕೊಂಡಳು. ಕನ್ನಡಿ ತಿರುಗಿಸಿದಳು. ಹಿಂದೆ ತಿರುಗಿ, "ಆಂಟಿ, ಬೆಲ್ಟ್ ಹಾಕ್ಕೊಳ್ಳಿ" ಎಂದಳು.

"ಹಿಂದೆ ಕೂತೋರಿಗೂ ಬೇಕಾ?"

"ಹಾಕ್ಕೊಂಡ ಮೇಲೇ ಹೊರಡೋದು."

ನರ್ಸಮ್ಮ ಹಾಕಿಕೊಂಡಳು. ಕಾರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೊರಟಿತು.

ಕಿರಿದಾದ ಬೀದಿ. ಸೈಕಲ್ಲು, ಕೈಗಾಡಿ, ಬೆಳಗಿನ ಸಂತೆ ಮುಗಿಸಿ ಬುಟ್ಟಿ ಹೊತ್ತು ಹೋಗುವ ಜನ. ಸೀಟಕ್ಕ ಮೊದಮೊದಲು ಪ್ರತಿಯೊಂದಕ್ಕೂ ಬಾಯಿ ತೆರೆಯುತ್ತಿದ್ದಳು. "ಸೈಕ..." ಎನ್ನುವಷ್ಟರಲ್ಲಿ ಸೈಕಲ್ಲು ಹಿಂದೆ ಹೋಗಿರುತ್ತಿತ್ತು. ಮಗಳ ಕಣ್ಣು ಒಂದು ಕಡೆ ನಿಲ್ಲುತ್ತಿರಲಿಲ್ಲ. ಮುಂದೆ, ಕನ್ನಡಿ, ಪಕ್ಕ, ಮತ್ತೆ ಮುಂದೆ. ಮನೆಯಲ್ಲಿ ಹಾಲಿನ ಪಾತ್ರೆ ಒಲೆಯ ಮೇಲಿಟ್ಟು ಮರೆತುಬಿಡುವ ಹುಡುಗಿ ಇವಳೇನಾ ಎಂದು ತಾಯಿಗೆ ಅನುಮಾನ ಬಂತು.

ಮಾರ್ಕೆಟ್ಟಿನ ತಿರುವಿನಲ್ಲಿ ಒಂದು ಸರಕಿನ ವ್ಯಾನು ರಸ್ತೆಯ ಅಂಚಿಗೆ ನಿಂತಿತ್ತು. ಮುಂದೆ ದಾರಿ ಖಾಲಿ. ಆದರೂ ಮಗಳು ವೇಗ ಇಳಿಸಿದಳು. ಯಾಕೆ ಎಂದು ಕೇಳಲು ತಾಯಿ ತಿರುಗುವಷ್ಟರಲ್ಲಿ ವ್ಯಾನಿನ ಮರೆಯಿಂದ ದೊಡ್ಡದೊಂದು ಕನ್ನಡಿ ನಡೆದುಬಂತು. ಅದನ್ನು ಮುಖದ ಮುಂದೆ ಹಿಡಿದಿದ್ದ ಮನುಷ್ಯನಿಗೆ ದಾರಿಯೂ ಕಾಣುತ್ತಿರಲಿಲ್ಲ, ಕಾರೂ ಕಾಣುತ್ತಿರಲಿಲ್ಲ. ಸೀಟಕ್ಕ ಇದ್ದಬದ್ದ ಬಲ ಹಾಕಿ ಕಾಲಡಿಯ ನೆಲವನ್ನು ಒತ್ತಿದಳು. ಅವಳ ಕಾಲು ಒತ್ತುವ ಹೊತ್ತಿಗೆ ಕಾರು ಆಗಲೇ ನಿಂತಿತ್ತು.

ಕನ್ನಡಿ ನಿಧಾನವಾಗಿ ದಾಟಿತು. ಅದರಲ್ಲಿ ಸಾಸಿವೆ ಬಣ್ಣದ ಕಾರು, ಬಾಯಿ ಬಿಟ್ಟ ತಾಯಿ, ತಣ್ಣಗೆ ಕೂತ ಮಗಳು, ಮೂರೂ ಒಂದು ಕ್ಷಣ ಕಂಡು ಹೋದವು.

"ನಿನಗೆ ಹೇಗೆ ಗೊತ್ತಾಯ್ತೇ?"

"ವ್ಯಾನ್ ಕೆಳಗೆ ಎರಡು ಕಾಲು ಕಾಣಿಸ್ತಮ್ಮ. ನಿಂತಿರೋ ಗಾಡಿ ಕಂಡ್ರೆ ಮೊದಲು ಅದರ ಕೆಳಗೆ ನೋಡು ಅಂತ ಮಾವ ಹೇಳ್ತಾ ಇರ್ತಾರೆ."

ಸೀಟಕ್ಕ ಮಗಳ ಕೈಯ ಮೇಲೆ ಕೈ ಇಟ್ಟು ಹಾಗೇ ಹಿಡಿದುಕೊಂಡಳು.

"ಅಮ್ಮಾ, ಕೈ ಬಿಡು. ಗೇರ್ ಹಾಕ್ಬೇಕು. ಹಿಂದೆ ಹಾರ್ನ್ ಹೊಡೀತಿದ್ದಾರೆ."

ಹಿಂದಿನ ಸೀಟಿನಿಂದ ನರ್ಸಮ್ಮ ಕಿಸಕ್ಕನೆ ನಕ್ಕಳು. "ಸಾಕು, ಮನೆ ಕಡೆ ತಿರುಗಿಸು ಮಗಳೇ" ಎಂದಳು.

ಮನೆ ಮುಟ್ಟಿದಾಗ ಅಣ್ಣ ನೆರಳಿನಲ್ಲಿ ಇರಲಿಲ್ಲ, ನಡುರಸ್ತೆಗೆ ಬಂದು ದಾರಿ ಕಾಯುತ್ತಿದ್ದ. ನರ್ಸಮ್ಮ ಇಳಿದವಳೇ ಬೀಗದ ಕೈಯನ್ನು ಮಗಳ ಕೈಯಲ್ಲೇ ಬಿಟ್ಟಳು. "ಬ್ರೇಕ್ ಹೋದ ತಿಂಗಳು ಹೊಸದು ಹಾಕ್ಸಿದ್ದೀನಿ. ಚಳಿಗಾಲದಲ್ಲಿ ಬೆಳಗ್ಗೆ ಸ್ವಲ್ಪ ಕೆಮ್ಮುತ್ತೆ, ಗಾಬರಿ ಆಗ್ಬೇಡ, ಎರಡನೇ ಸಲಕ್ಕೆ ಎದ್ದೇಳುತ್ತೆ."

ಅಣ್ಣ ಬಾನೆಟ್ಟು ತೆಗೆದು ಶಾಸ್ತ್ರಕ್ಕೆಂಬಂತೆ ಇಣುಕಿ ನೋಡಿದ. ನಂತರ ತಂಗಿಯ ಕಡೆ ತಿರುಗಿ, "ಏನಮ್ಮಾ, ಹುಳುಕು ಸಿಕ್ತಾ?" ಎಂದ.

"ಬಣ್ಣ ಸ್ವಲ್ಪ ಗಲೀಜು" ಎಂದಳು ಸೀಟಕ್ಕ. ಅಣ್ಣನ ಹುಬ್ಬು ಏರಿತು. "ಇರ್ಲಿ ಬಿಡು. ಮಂಜಲ್ಲಿ ಚೆನ್ನಾಗಿ ಕಾಣುತ್ತೆ."

ಸೋಮವಾರ ನಸುಕಿನಲ್ಲಿ ಮಗಳು ಹೊರಟಳು. ಕಾರು ಒಂದು ಸಲ ಕೆಮ್ಮಿತು, ಎರಡನೆಯ ಸಲಕ್ಕೆ ಎದ್ದಿತು. ಸೀಟಕ್ಕ ಗೇಟಿನವರೆಗೆ ಹೋಗಿ ನಿಂತಳು. ಬೀದಿಯ ತುದಿಯಲ್ಲಿ ಹಿಂದಿನ ದೀಪಗಳು ಒಮ್ಮೆ ಕೆಂಪಗೆ ಹೊಳೆದವು. ಖಾಲಿ ಬೀದಿಯಲ್ಲೂ ಹುಡುಗಿ ನಿಂತು ಎರಡು ಕಡೆ ನೋಡಿಯೇ ತಿರುಗಿದಳು. ಅಷ್ಟು ನೋಡಿ ಸೀಟಕ್ಕ ಒಳಗೆ ಬಂದು ಚಾಪೆಯ ಮೇಲೆ ಒರಗಿದಳು. ಐದು ನಿಮಿಷ ಅಂದುಕೊಂಡಿದ್ದಳು. ಕಣ್ಣು ಬಿಟ್ಟಾಗ ಬಿಸಿಲು ಕಿಟಕಿಯಿಂದ ಇಳಿದು ಕಾಲಿನ ತನಕ ಬಂದಿತ್ತು, ಫೋನು ಬಡಿದುಕೊಳ್ಳುತ್ತಿತ್ತು. ಅಣ್ಣ.

"ಹುಡುಗಿ ತಲುಪಿದ್ಲಾ? ಫೋನ್ ಮಾಡಿದ್ಲಾ? ಐದಕ್ಕೇ ಎದ್ದು ಕೂತಿದ್ದೀನಿ ಕಣೇ, ಚಹಾನೂ ಇಳೀತಿಲ್ಲ!"

ಸೀಟಕ್ಕ ಕಣ್ಣುಜ್ಜಿಕೊಂಡು ಗಡಿಯಾರ ನೋಡಿದಳು. ಏಳೂ ಕಾಲು. ಈಗ ಮಕ್ಕಳು ಕೊಳದ ಅಂಚು ಹಿಡಿದು ಕಾಲು ಬಡಿಯುತ್ತಿರುತ್ತವೆ.

"ತಲುಪಿರ್ತಾಳೆ ಬಿಡಣ್ಣ" ಎಂದಳು ಆಕಳಿಸುತ್ತ. "ನೀನು ಚಹಾ ಕುಡಿ."